ಹಲ್ಲಿನ ಅಚ್ಚಿನ ಓರೆ ಮತ್ತು ದವಡೆಯ ಶಸ್ತ್ರಚಿಕಿತ್ಸೆ

ಬಾಯಿ ಮುಚ್ಚಿದಾಗ ಮೇಲಿನ ಮುಂಬಲ್ಲುಗಳು ಕೆಳಗಿನವುಗಳಿಗಿಂತ ಎರಡು ಮೂರು ಮಿಲಿಮೀಟರ್ ಮುಂದೆ ಇರುವುದು ಸಾಮಾನ್ಯ. ಕೆಲವರಲ್ಲಿ ಈ ಅಂತರ ಹತ್ತು ಮಿಲಿಮೀಟರನ್ನೂ ಮೀರುತ್ತದೆ. ಇನ್ನು ಕೆಲವರಲ್ಲಿ ಕೆಳದವಡೆಯೇ ಮುಂದೆ ಚಾಚಿಕೊಂಡು, ಮೇಲಿನ ಹಲ್ಲುಗಳು ಅದರ ಹಿಂದೆ ಕೂರುತ್ತವೆ. ದೋಷ ಹಲ್ಲಿನದಷ್ಟೇ ಆಗಿದ್ದರೆ ತಂತಿ ಕಟ್ಟಿ ಸರಿಪಡಿಸಬಹುದು. ಮೂಳೆಯೇ ಹಿಂದೆ ಅಥವಾ ಮುಂದೆ ಬೆಳೆದಿದ್ದರೆ ತಂತಿಯಿಂದ ಪೂರ್ತಿ ಪ್ರಯೋಜನವಿಲ್ಲ. ಅಗಿಯುವುದು, ಮಾತನಾಡುವುದು, ಕೆಲವೊಮ್ಮೆ ನಿದ್ರೆಯಲ್ಲಿ ಉಸಿರಾಡುವುದೂ ಕಷ್ಟವಾದಾಗ ಶಸ್ತ್ರವೈದ್ಯರು ದವಡೆಯ ಮೂಳೆಯನ್ನು ಕತ್ತರಿಸಿ, ಬೇಕಾದ ಕಡೆಗೆ ಸರಿಸಿ, ಪುಟ್ಟ ಲೋಹದ ಪಟ್ಟಿ ಮತ್ತು ತಿರುಪುಗಳಿಂದ ಬಿಗಿಯುತ್ತಾರೆ.

ಈ ಚಿಕಿತ್ಸೆಯ ಇತಿಹಾಸ ಹಳೆಯದು. ಅಮೆರಿಕದ ಸೈಮನ್ ಹಲ್ಲಿಹೆನ್ 1849ರಲ್ಲೇ ಕೆಳದವಡೆಯನ್ನು ಕತ್ತರಿಸಿ ಸರಿಪಡಿಸಿದ ವರದಿ ಇದೆ. ಫ್ರಾನ್ಸಿನ ರೆನೆ ಲ ಫೋರ್ ಎಂಬ ಶಸ್ತ್ರವೈದ್ಯ ಪೆಟ್ಟು ಬಿದ್ದಾಗ ಮುಖದ ಮೂಳೆ ಯಾವ ಗೆರೆಗಳಲ್ಲಿ ಒಡೆಯುತ್ತದೆ ಎಂಬುದನ್ನು ಶವಗಳ ಮೇಲೆ ಪರೀಕ್ಷಿಸಿ 1901ರಲ್ಲಿ ಪ್ರಕಟಿಸಿದ. ಅವನು ಗುರುತಿಸಿದ ಅತಿ ಕೆಳಗಿನ ಗೆರೆಯ ಉದ್ದಕ್ಕೂ ಇಂದು ಶಸ್ತ್ರವೈದ್ಯರು ಬೇಕೆಂದೇ ಮೂಳೆ ಕೊಯ್ದು ಮೇಲ್ದವಡೆಯನ್ನು ಬಿಡಿಸುತ್ತಾರೆ. ಕೆಳದವಡೆಯನ್ನು ಉದ್ದಕ್ಕೆ ಸೀಳಿ ಜಾರಿಸುವ ವಿಧಾನವನ್ನು ಟ್ರೌನರ್ ಮತ್ತು ಓಬ್ವೆಗೇಸರ್ 1957ರಲ್ಲಿ ಇಂಗ್ಲಿಷ್ ಓದುಗರಿಗೆ ವಿವರಿಸಿದ ಮೇಲೆ ಅದು ಎಲ್ಲೆಡೆ ಹಬ್ಬಿತು.

ನಾನು ಭೌತವಿಜ್ಞಾನದ ಅಧ್ಯಾಪಕ. ಕತ್ತರಿಸುವ ಕಲೆಯ ಬಗ್ಗೆ ಹೇಳಲು ನನಗೆ ಅಧಿಕಾರವಿಲ್ಲ. ಆದರೆ ಕತ್ತರಿಸುವ ಮೊದಲು ನಡೆಯುವ ಕೆಲಸವಿದೆಯಲ್ಲ, ಅದು ಪೂರ್ತಿಯಾಗಿ ಜ್ಯಾಮಿತಿ ಮತ್ತು ಅಳತೆಯ ದೋಷಗಳ ವಿಷಯ. ಪಿಯುಸಿ ವಿದ್ಯಾರ್ಥಿಗೆ ಗೊತ್ತಿರುವ ಸದಿಶ ಮತ್ತು ಆವರ್ತನದ ಪಾಠವಷ್ಟೇ ಸಾಕು, ಅಲ್ಲಿ ಏನು ತಪ್ಪಬಹುದು ಎಂದು ಲೆಕ್ಕ ಹಾಕಲು.

ಗಾರೆಯ ದವಡೆ, ಲೋಹದ ಕೀಲು

ಮೊದಲು ರೋಗಿಯ ಮೇಲಿನ ಮತ್ತು ಕೆಳಗಿನ ಹಲ್ಲುಸಾಲುಗಳ ಅಚ್ಚು ತೆಗೆಯುತ್ತಾರೆ. ಆಲ್ಜಿನೇಟ್ ಎಂಬ ಪದಾರ್ಥವನ್ನು ನೀರಿನಲ್ಲಿ ಕಲಸಿ, ತಟ್ಟೆಯಲ್ಲಿಟ್ಟು ಹಲ್ಲಿಗೆ ಒತ್ತಿ ಹಿಡಿದರೆ ಕೆಲವೇ ನಿಮಿಷಗಳಲ್ಲಿ ಅದು ರಬ್ಬರಿನಂತೆ ಗಟ್ಟಿಯಾಗುತ್ತದೆ. ಆ ಪಡಿಯಚ್ಚಿನೊಳಕ್ಕೆ ಜಿಪ್ಸಮ್ ಗಾರೆ ಸುರಿದರೆ ರೋಗಿಯ ಹಲ್ಲುಗಳ ಪ್ರತಿಕೃತಿ ಸಿದ್ಧ.

ಎರಡು ಗಾರೆಯ ಮಾದರಿಗಳು ಮೇಜಿನ ಮೇಲೆ ಬಿಡಿಬಿಡಿಯಾಗಿದ್ದರೆ ಪ್ರಯೋಜನವಿಲ್ಲ. ಅವು ತಲೆಬುರುಡೆಯಲ್ಲಿ ಹೇಗೆ ಕೂತಿವೆಯೋ ಹಾಗೆಯೇ ಒಂದು ಯಂತ್ರದಲ್ಲಿ ಕೂರಬೇಕು. ಆ ಯಂತ್ರವೇ ಆರ್ಟಿಕ್ಯುಲೇಟರ್. ಎರಡು ಲೋಹದ ತೋಳುಗಳು, ಹಿಂದೆ ಒಂದು ಕೀಲು. ಬಾಗಿಲಿನ ತಿರುಗಣಿಯನ್ನು ಅಡ್ಡ ಮಲಗಿಸಿದಂತೆ. ಮೇಲಿನ ತೋಳು ತಲೆಬುರುಡೆಗೆ, ಕೆಳಗಿನದು ಕೆಳದವಡೆಗೆ ಪ್ರತಿನಿಧಿ. ಕೀಲು ನಮ್ಮ ಕಿವಿಯ ಮುಂದೆ ಇರುವ ದವಡೆಯ ಸಂದಿಗೆ ಪ್ರತಿನಿಧಿ. ಬಾಯಿ ತೆರೆಯುತ್ತ ಮುಚ್ಚುತ್ತ ಕಿವಿಯ ಮುಂದೆ ಬೆರಳಿಟ್ಟು ನೋಡಿ, ಅಲ್ಲಿ ಅಲುಗುವ ಮೂಳೆಯ ಗುಂಡು ತುದಿಗೆ ಕಾಂಡೈಲ್ ಎನ್ನುತ್ತಾರೆ. 19ನೇ ಶತಮಾನದ ಅಮೆರಿಕನ್ ದಂತವೈದ್ಯ ವಿಲಿಯಂ ಬಾನ್‌ವಿಲ್ ಅನೇಕ ದವಡೆಗಳನ್ನು ಅಳೆದು, ಎರಡು ಕಾಂಡೈಲುಗಳು ಮತ್ತು ಕೆಳಗಿನ ಮುಂಬಲ್ಲುಗಳ ನಡುಬಿಂದು ಸೇರಿ ಸುಮಾರು 4 ಇಂಚು ಬಾಹುವಿನ ಸಮಬಾಹು ತ್ರಿಭುಜವಾಗುತ್ತದೆ ಎಂದ. ಎಲ್ಲರಿಗೂ ಇದು ಕರಾರುವಾಕ್ಕಾಗಿ ಹೊಂದದು. ಆದರೂ ಲೆಕ್ಕಕ್ಕೆ ಬಹಳ ಅನುಕೂಲದ ಸಂಖ್ಯೆ. 4 ಇಂಚಿನ ಸಮಬಾಹು ತ್ರಿಭುಜದ ಎತ್ತರ 88 ಮಿ.ಮೀ. ಅಂದರೆ ಮುಂಬಲ್ಲಿನ ತುದಿ ಕೀಲಿನ ಅಕ್ಷದಿಂದ ಸುಮಾರು 88 ಮಿ.ಮೀ. ದೂರದಲ್ಲಿದೆ. ಇದನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಮೇಲಿನ ಮಾದರಿ ಕೀಲಿನಿಂದ ಎಷ್ಟು ದೂರ, ಎಷ್ಟು ಓರೆಯಲ್ಲಿ ಕೂರಬೇಕು ಎಂಬುದನ್ನು ರೋಗಿಯ ಮುಖದಿಂದ ಯಂತ್ರಕ್ಕೆ ಒಯ್ಯುವ ಸಾಧನ ಫೇಸ್‌ಬೋ, ಅಂದರೆ ಮುಖಬಿಲ್ಲು. 1899ರ ಸುಮಾರಿಗೆ ಅಮೆರಿಕದ ಜಾರ್ಜ್ ಸ್ನೋ ಇದನ್ನು ಬಳಕೆಗೆ ತಂದ. ಬಿಲ್ಲಿನಾಕಾರದ ಈ ಚೌಕಟ್ಟಿನ ಎರಡು ತುದಿಗಳು ಕಿವಿಯ ಬಳಿ ನಿಲ್ಲುತ್ತವೆ. ಮುಂದಿನ ಕವಲನ್ನು ರೋಗಿ ಕಚ್ಚಿಕೊಳ್ಳುತ್ತಾನೆ. ಕಣ್ಣಿನ ಗುಳಿಯ ಕೆಳಅಂಚಿಗೆ ಒಂದು ಸೂಚಿ ತೋರುತ್ತದೆ. ಬಿಗಿಮಾಡಿದ ಬಿಲ್ಲನ್ನು ಹಾಗೆಯೇ ಬಿಡಿಸಿ ಯಂತ್ರಕ್ಕೆ ಸಿಕ್ಕಿಸಿ, ಕವಲಿನ ಮೇಲೆ ಗಾರೆಯ ಮಾದರಿಯನ್ನಿಟ್ಟು, ಮೇಲಿನ ತೋಳಿಗೆ ಗಾರೆಯಿಂದಲೇ ಅಂಟಿಸುತ್ತಾರೆ. ಕೆಳಗಿನ ಮಾದರಿಯನ್ನು ಮೇಣದ ಕಚ್ಚುಗುರುತಿನ ಸಹಾಯದಿಂದ ಮೇಲಿನದಕ್ಕೆ ಹೊಂದಿಸಿ ಕೂರಿಸುತ್ತಾರೆ.

ಇನ್ನು ಗಾರೆಯ ಮೇಲೆ ಶಸ್ತ್ರಚಿಕಿತ್ಸೆ. ಮೇಲಿನ ಮಾದರಿಯನ್ನು ಗರಗಸದಿಂದ ಕೊಯ್ದು, ಯೋಜನೆಯಂತೆ ಉದಾಹರಣೆಗೆ 10 ಮಿ.ಮೀ. ಮುಂದಕ್ಕೆ ಸರಿಸಿ ಮತ್ತೆ ಅಂಟಿಸುತ್ತಾರೆ. ಸರಿಸಿದ ಮೇಲ್ದವಡೆಗೂ ಇನ್ನೂ ಮುಟ್ಟದ ಕೆಳದವಡೆಗೂ ನಡುವೆ ಕೂರುವ ಅಕ್ರಿಲಿಕ್ಕಿನ ತೆಳು ಹಲಗೆಯೊಂದನ್ನು ಮಾಡುತ್ತಾರೆ. ಇದಕ್ಕೆ ಸ್ಪ್ಲಿಂಟ್ ಎಂದು ಹೆಸರು. ಶಸ್ತ್ರಚಿಕಿತ್ಸೆಯ ಕೊಠಡಿಯಲ್ಲಿ ಮೇಲ್ದವಡೆ ಬಿಡಿಯಾದಾಗ, ಅದು ಎಲ್ಲಿ ಕೂರಬೇಕೆಂದು ಹೇಳುವುದು ಈ ಹಲಗೆಯೇ. ಆಮೇಲೆ ಕೆಳದವಡೆಯನ್ನು ಕತ್ತರಿಸಿ, ಎರಡನೆಯ ಸ್ಪ್ಲಿಂಟಿನಿಂದ ಅದನ್ನು ಮೇಲಿನದಕ್ಕೆ ಹೊಂದಿಸುತ್ತಾರೆ.

ಇಲ್ಲಿ ಒಂದು ಸೂಕ್ಷ್ಮವಿದೆ. ಎರಡನೆಯ ಸ್ಪ್ಲಿಂಟಿಗೆ ಬೇಕಾದದ್ದು ಮೇಲಿನ ಹಲ್ಲಿಗೂ ಕೆಳಗಿನ ಹಲ್ಲಿಗೂ ಇರುವ ಸಂಬಂಧ ಮಾತ್ರ. ಮಾದರಿಗಳು ಯಂತ್ರದಲ್ಲಿ ಎಷ್ಟೇ ಓರೆಯಾಗಿದ್ದರೂ ಆ ಸಂಬಂಧ ಕೆಡುವುದಿಲ್ಲ. ಆದ್ದರಿಂದ ಮೊದಲ ಹೆಜ್ಜೆಯಲ್ಲಿ ತಪ್ಪಾಗಿದ್ದರೂ ಕೊನೆಯಲ್ಲಿ ಹಲ್ಲುಗಳು ಅಚ್ಚುಕಟ್ಟಾಗಿ ಕಚ್ಚಿಕೊಳ್ಳುತ್ತವೆ. ಮೇಜಿನ ಬಳಿ ನಿಂತವರಿಗೆ ಎಲ್ಲವೂ ಸರಿಯಾಗಿ ಕಾಣುತ್ತದೆ. ತಪ್ಪಿರುವುದು ಎರಡೂ ದವಡೆಗಳು ಒಟ್ಟಾಗಿ ಮುಖದಲ್ಲಿ ನಿಂತ ಜಾಗ. ಅದು ಕಾಣುವುದು ಊತ ಇಳಿದ ಮೇಲೆ, ತುಟಿಯ ಉಬ್ಬಿನಲ್ಲಿ, ನಕ್ಕಾಗ ತೋರುವ ಹಲ್ಲಿನಲ್ಲಿ. ಅಷ್ಟು ಹೊತ್ತಿಗೆ ಮೂಳೆ ಕೂಡಿಕೊಳ್ಳಲು ಶುರುವಾಗಿರುತ್ತದೆ.

ಓರೆ ಎಲ್ಲಿಂದ ಬರುತ್ತದೆ?

ತಲೆಬುರುಡೆಯಲ್ಲಿ ಸಮತಲ ಯಾವುದು? ಮಾನವಶಾಸ್ತ್ರಜ್ಞರು 19ನೇ ಶತಮಾನದ ಎಂಬತ್ತರ ದಶಕದಲ್ಲಿ ಜರ್ಮನಿಯ ಫ್ರಾಂಕ್‌ಫರ್ಟಿನಲ್ಲಿ ಒಂದು ಒಪ್ಪಂದಕ್ಕೆ ಬಂದರು: ಕಿವಿಯ ರಂಧ್ರದ ಮೇಲಂಚು ಮತ್ತು ಕಣ್ಣಿನ ಗುಳಿಯ ಕೆಳಅಂಚು, ಇವುಗಳ ಮೂಲಕ ಹಾಯುವ ಸಮತಲವನ್ನು ಅಡ್ಡಸಮತಲ ಎನ್ನೋಣ ಎಂದು. ಬುರುಡೆಗಳನ್ನು ಕಪಾಟಿನಲ್ಲಿ ಸಾಲಾಗಿ ಜೋಡಿಸಿ ಹೋಲಿಸಲು ಮಾಡಿಕೊಂಡ ಏರ್ಪಾಡು ಅದು. ಮುಖದ ಪಕ್ಕದ ಎಕ್ಸ್-ಕಿರಣ ಚಿತ್ರದ ಮೇಲೆ ಶಸ್ತ್ರವೈದ್ಯರು ಯೋಜನೆ ಬರೆಯುವಾಗ ಇದೇ ಫ್ರಾಂಕ್‌ಫರ್ಟ್ ಸಮತಲವನ್ನು ಬಹಳವಾಗಿ ಬಳಸುತ್ತ ಬಂದಿದ್ದಾರೆ.

ಮುಖಬಿಲ್ಲು ಹಿಡಿಯುವುದು ಬೇರೆ ಸಮತಲವನ್ನು. ಅದರ ಮುಂದಿನ ಸೂಚಿ ಕಣ್ಣಿನ ಕೆಳಗೇ ಇದೆ, ನಿಜ. ಆದರೆ ಹಿಂದಿನ ತುದಿ ಕಿವಿರಂಧ್ರದ ಮೇಲಂಚಿಗೆ ಅಲ್ಲ, ಕಾಂಡೈಲಿನ ಅಕ್ಷಕ್ಕೆ ಹೊಂದುತ್ತದೆ. ಈ ಅಕ್ಷ ಸರಾಸರಿ 7 ಮಿ.ಮೀ.ನಷ್ಟು ಕೆಳಗಿದೆ. ಅಕ್ಷದಿಂದ ಕಣ್ಣಿನ ಸೂಚಿಗೆ ಸುಮಾರು 75 ಮಿ.ಮೀ. ಎಂದಿಟ್ಟುಕೊಂಡರೆ, 7 ಭಾಗಿಸು 75, ಅಂದರೆ 0.093 ರೇಡಿಯನ್, ಡಿಗ್ರಿಯಲ್ಲಿ 5.3. ಯಂತ್ರದಲ್ಲಿ ಈ ಓರೆ ಸಮತಲವನ್ನೇ ನೇರವಾಗಿ ಮಲಗಿಸುತ್ತೇವೆ. ಪರಿಣಾಮವಾಗಿ ಮಾದರಿಯ ಮುಂಭಾಗ ಅಷ್ಟು ಡಿಗ್ರಿ ಕೆಳಕ್ಕೆ ವಾಲುತ್ತದೆ. ಯಾರ ಕೈಯೂ ನಡುಗಿಲ್ಲ, ಯಾರೂ ಅಜಾಗರೂಕರಾಗಿಲ್ಲ. ಉಪಕರಣದೊಳಗೇ ಕೂತಿರುವ ದೋಷ ಇದು.

1992ರಲ್ಲಿ ಅಮೆರಿಕದ ಎಡ್ವರ್ಡ್ ಎಲ್ಲಿಸ್ ಮತ್ತು ಸಹೋದ್ಯೋಗಿಗಳು ಯಂತ್ರದಲ್ಲಿ ಕೂತ ಮಾದರಿಗಳನ್ನು ಅದೇ ರೋಗಿಗಳ ಎಕ್ಸ್-ಕಿರಣ ಚಿತ್ರಗಳಿಗೆ ಹೋಲಿಸಿ, ಹಲ್ಲುಸಾಲಿನ ಸಮತಲ ನಿಜಕ್ಕಿಂತ ಹೆಚ್ಚು ಕಡಿದಾಗಿ ಕೂರುತ್ತದೆ ಎಂದು ತೋರಿಸಿದರು. ಮೇಲಿನ ಲೆಕ್ಕ ಹೇಳುವ ದಿಕ್ಕೂ ಅದೇ. 2008ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋ ತಂಡವೊಂದು ಮುಖಬಿಲ್ಲು ಮತ್ತು ಆರ್ಟಿಕ್ಯುಲೇಟರುಗಳನ್ನು ಬೇರೆ ಬೇರೆಯಾಗಿ ಪರೀಕ್ಷಿಸಿತು. ಯಾವ ದೋಷ ಯಾವ ಉಪಕರಣದ್ದು ಎಂದು ಬೇರ್ಪಡಿಸುವ ಈ ಕ್ರಮ ಭೌತವಿಜ್ಞಾನದ ಪ್ರಯೋಗಶಾಲೆಯಲ್ಲಿ ನಾವು ಹೇಳಿಕೊಡುವಂಥದ್ದೇ. ಆ ತಂಡದಲ್ಲಿ ಶಸ್ತ್ರವೈದ್ಯರ ಜೊತೆ ಜೈವಿಕ ಎಂಜಿನಿಯರ್ ಒಬ್ಬರೂ ಇದ್ದುದು ಆಕಸ್ಮಿಕವಲ್ಲ ಎಂದು ನನ್ನ ಊಹೆ.

7 ಡಿಗ್ರಿಗೆ ಎಷ್ಟು ಮಿಲಿಮೀಟರ್?

5.3 ಡಿಗ್ರಿಯ ಜೊತೆ ಬೇರೆ ಸಣ್ಣಪುಟ್ಟ ದೋಷಗಳೂ ಸೇರುವುದರಿಂದ ಓರೆ 7 ಡಿಗ್ರಿ ಎಂದಿಟ್ಟುಕೊಳ್ಳೋಣ. ಯೋಜನೆ: ಮೇಲ್ದವಡೆ 10 ಮಿ.ಮೀ. ನೇರ ಮುಂದಕ್ಕೆ. ತಂತ್ರಜ್ಞ ಯಂತ್ರದ ಅಡ್ಡಸಮತಲಕ್ಕೆ ಸಮಾನಾಂತರವಾಗಿ ಮಾದರಿಯನ್ನು 10 ಮಿ.ಮೀ. ಸರಿಸುತ್ತಾನೆ. ಮಾದರಿ ಮುಂದಕ್ಕೆ ವಾಲಿದ್ದರಿಂದ, ರೋಗಿಯ ಮುಖದಲ್ಲಿ ಅದೇ ಚಲನೆ 7 ಡಿಗ್ರಿ ಮೇಲ್ಮುಖವಾಗುತ್ತದೆ. ಸದಿಶದ ಘಟಕಗಳು: ಮುಂದಕ್ಕೆ 10 × ಕೊಸೈನ್ 7° = 9.93 ಮಿ.ಮೀ.; ಮೇಲಕ್ಕೆ 10 × ಸೈನ್ 7° = 1.22 ಮಿ.ಮೀ. ಮುಂದಿನ ನಷ್ಟ ಅತ್ಯಲ್ಪ. ಮೇಲಕ್ಕೆ ಮಾತ್ರ ಯಾರೂ ಕೇಳದ 1.2 ಮಿ.ಮೀ.

ಶಸ್ತ್ರವೈದ್ಯರು ಇದನ್ನು ಸುಮ್ಮನೆ ಬಿಡುವುದಿಲ್ಲ. ಮೂಗಿನ ಬುಡದ ಮೂಳೆಗೆ ಒಂದು ತಂತಿ ಅಥವಾ ತಿರುಪು ಹಾಕಿ, ಅಲ್ಲಿಂದ ಮುಂಬಲ್ಲಿಗೆ ಕ್ಯಾಲಿಪರ್ಸ್ ಹಿಡಿದು ಎತ್ತರವನ್ನು ಪರೀಕ್ಷಿಸುವ ಪದ್ಧತಿಯಿದೆ. ಎತ್ತರ ಕಡಿಮೆಯೆಂದು ಕಂಡರೆ, ಸ್ಪ್ಲಿಂಟಿನಿಂದ ಒಂದಾಗಿರುವ ಎರಡೂ ದವಡೆಗಳನ್ನು ಕೀಲಿನ ಸುತ್ತ ಸ್ವಲ್ಪ ಕೆಳಕ್ಕೆ ತಿರುಗಿಸುತ್ತಾರೆ. ಎತ್ತರ ಸರಿಹೋಯಿತು. ಆದರೆ ಮುಂಬಲ್ಲು ಕೀಲಿನ ಅಕ್ಷದಿಂದ ಮುಂದೆ ಸುಮಾರು 75 ಮಿ.ಮೀ., ಕೆಳಗೆ ಸುಮಾರು 45 ಮಿ.ಮೀ. ಇದೆ. ಇವೆರಡರ ವರ್ಗಗಳನ್ನು ಕೂಡಿ ಮೂಲ ತೆಗೆದರೆ ಬಾನ್‌ವಿಲ್ಲನ 88 ಬರುತ್ತದೆಯೇ, ನೋಡಿ. ಅಕ್ಷಕ್ಕಿಂತ ಕೆಳಗಿರುವ ಬಿಂದು ಆ ಅಕ್ಷದ ಸುತ್ತ ಕೆಳಕ್ಕೆ ತಿರುಗುವಾಗ ಹಿಂದಕ್ಕೂ ಹೋಗುತ್ತದೆ. 1.22 ಮಿ.ಮೀ. ಇಳಿಯಲು ಬೇಕಾದ ಕೋನ 1.22 ಭಾಗಿಸು 75, ಎಂದರೆ 0.0163 ರೇಡಿಯನ್. ಅದರಿಂದ ಹಿಂಸರಿತ 45 × 0.0163 = 0.73 ಮಿ.ಮೀ. ಹತ್ತು ಮಿಲಿಮೀಟರಿನ ಯೋಜನೆ 9.2ಕ್ಕೆ ನಿಂತಿತು.

ಹಾಗಿದ್ದೂ ಇದು ಸುಲಭದ ಪ್ರಕರಣ. ನಕ್ಕಾಗ ಒಸಡು ಅತಿಯಾಗಿ ಕಾಣುವವರಿಗೆ ಮೇಲ್ದವಡೆಯನ್ನು ಮುಂದಕ್ಕಷ್ಟೇ ಅಲ್ಲ, ಮೇಲಕ್ಕೂ ಸರಿಸಬೇಕಾಗುತ್ತದೆ. 10 ಮಿ.ಮೀ. ಮುಂದೆ, 5 ಮಿ.ಮೀ. ಮೇಲೆ ಎಂದು ಯೋಜನೆಯಿದ್ದರೆ, 7 ಡಿಗ್ರಿ ತಿರುಗಿದ ಸದಿಶ ಮುಂದಕ್ಕೆ 9.93 ಕಳೆ 0.61, ಅಂದರೆ 9.32 ಮಿ.ಮೀ.; ಮೇಲಕ್ಕೆ 4.96 ಕೂಡು 1.22, ಅಂದರೆ 6.18 ಮಿ.ಮೀ. ಎತ್ತರವನ್ನು ಸರಿಪಡಿಸಲು 1.18 ಮಿ.ಮೀ. ಇಳಿಸಿದಾಗ ಇನ್ನೂ 0.71 ಮಿ.ಮೀ. ಹಿಂದಕ್ಕೆ. ಉಳಿದದ್ದು 8.6. ಸುಮಾರು 1.4 ಮಿ.ಮೀ. ಕೊರತೆ. ದವಡೆ ಶಸ್ತ್ರಚಿಕಿತ್ಸೆಯ ಬರವಣಿಗೆಯಲ್ಲಿ 2 ಮಿ.ಮೀ. ಮತ್ತು 4 ಡಿಗ್ರಿಯೊಳಗಿನ ವ್ಯತ್ಯಾಸವನ್ನು ಸಹಿಸಬಹುದಾದ ಮಿತಿ ಎಂದು ಸಾಮಾನ್ಯವಾಗಿ ಒಪ್ಪುತ್ತಾರೆ. ಮೂಳೆಗೆ ಕತ್ತಿ ತಾಗುವ ಮೊದಲೇ ಆ ಮಿತಿಯ ಮೂರನೇ ಎರಡು ಭಾಗ ಖರ್ಚಾಗಿದೆ!

ಶಿಕ್ಷಕರು ಇದನ್ನು ತರಗತಿಯಲ್ಲಿ ತೋರಿಸಬಹುದು. ಗ್ರಾಫ್ ಹಾಳೆಯ ಮೇಲೆ ಬೆಣ್ಣೆ ಕಾಗದವಿಟ್ಟು ದವಡೆಯ ಪಕ್ಕನೋಟವನ್ನೂ ಒಂದು ಅಡ್ಡಗೆರೆಯನ್ನೂ ಬರೆಯಿಸಿ. ಕೋನಮಾಪಕದಿಂದ ಕಾಗದವನ್ನು 7 ಡಿಗ್ರಿ ತಿರುಗಿಸಿ, ಮುಂಬಲ್ಲಿನ ತುದಿಯನ್ನು ಗ್ರಾಫಿನ ಗೆರೆಯ ಮೇಲೆ 10 ಸೆ.ಮೀ. ಮುಂದಕ್ಕೆ ಗುರುತಿಸಿ. ಈಗ ಕಾಗದವನ್ನು ಮೊದಲಿನ ಸ್ಥಿತಿಗೆ ತಿರುಗಿಸಿದರೆ ಗುರುತು ಎಲ್ಲಿ ಬರುತ್ತದೆಂದು ವಿದ್ಯಾರ್ಥಿಗಳೇ ನೋಡುತ್ತಾರೆ. ಅಕ್ಷಗಳನ್ನು ತಿರುಗಿಸಿದಾಗ ಘಟಕಗಳು ಬೆರೆಯುತ್ತವೆ ಎಂದು ಕಪ್ಪುಹಲಗೆಯ ಮೇಲೆ ಬರೆದು ಹೇಳುವುದಕ್ಕಿಂತ ಇದು ಬೇಗ ಮನದಟ್ಟಾಗುತ್ತದೆ.

ಕೀಲು ತಪ್ಪಿದರೆ?

ದಂತವೈದ್ಯಕೀಯದ ಸ್ನಾತಕೋತ್ತರ ವಿದ್ಯಾರ್ಥಿಯೊಬ್ಬ ನನ್ನನ್ನು ಕೇಳಿದ್ದ: "ಸರ್, ನಾವು ಕಿವಿಯ ಮುಂದೆ ಅಂದಾಜಿನಲ್ಲಿ ಅಕ್ಷ ಗುರುತಿಸ್ತೀವಿ. ಅದು 5 ಮಿಲಿಮೀಟರ್ ತಪ್ಪಿದ್ರೆ ಎಲ್ಲವೂ 5 ಮಿಲಿಮೀಟರ್ ತಪ್ಪುತ್ತಲ್ವಾ?" ಇಲ್ಲ. ಒಂದೇ ಕೋನದ ಎರಡು ಆವರ್ತನಗಳನ್ನು ಬೇರೆ ಬೇರೆ ಅಕ್ಷಗಳ ಸುತ್ತ ಮಾಡಿದರೆ, ಫಲಿತಾಂಶಗಳ ವ್ಯತ್ಯಾಸ ಕೇವಲ ಒಂದು ಸ್ಥಾನಾಂತರ. ಸಣ್ಣ ಕೋನಗಳಿಗೆ ಅದರ ಪ್ರಮಾಣ ಅಕ್ಷಗಳ ನಡುವಿನ ದೂರ ಗುಣಿಸು ಕೋನ. ಮೇಣದ ಕಚ್ಚುಗುರುತು ಮುಂಬಲ್ಲಿನ ಬಳಿ 3 ಮಿ.ಮೀ. ದಪ್ಪವಿದ್ದರೆ, ಅದನ್ನು ತೆಗೆದು ಯಂತ್ರ ಮುಚ್ಚುವಾಗ ತಿರುಗುವ ಕೋನ 3 ಭಾಗಿಸು 88, ಅಂದರೆ 0.034 ರೇಡಿಯನ್. ಅಕ್ಷ 5 ಮಿ.ಮೀ. ತಪ್ಪಿದ್ದರೂ ಹಲ್ಲಿನಲ್ಲಿ ದೋಷ 0.17 ಮಿ.ಮೀ. ಮಾತ್ರ.

ಮುಖಬಿಲ್ಲು ಹುಟ್ಟಿದ್ದು ಕಟ್ಟುಹಲ್ಲಿನ ಕೆಲಸಕ್ಕೆ. ಅಲ್ಲಿ ದವಡೆಯನ್ನು ಎಲ್ಲಿಗೂ ಸರಿಸುವುದಿಲ್ಲ. ಸ್ವಲ್ಪ ತೆರೆಯುವುದು, ಮುಚ್ಚುವುದು, ಅಷ್ಟೆ. ಸಣ್ಣ ಆವರ್ತನಗಳ ಆ ಲೋಕದಲ್ಲಿ ಉಪಕರಣ ಚೆನ್ನಾಗಿಯೇ ನಡೆಯಿತು. ಇಡೀ ಮಾದರಿ ಕೆಲವು ಡಿಗ್ರಿ ವಾಲಿದ್ದರೆ ಅಲ್ಲಿ ಯಾರಿಗೂ ದೊಡ್ಡ ತೊಂದರೆಯಿಲ್ಲ. ಶಸ್ತ್ರವೈದ್ಯರು ಅದನ್ನು ಎರವಲು ಪಡೆದು ಹತ್ತು ಮಿಲಿಮೀಟರಿನ ಸ್ಥಾನಾಂತರಕ್ಕೆ ಬಳಸಿದಾಗ, ಅಲ್ಲಿಯವರೆಗೆ ನಿರುಪದ್ರವಿಯಾಗಿದ್ದ ಓರೆಗೆ ಬೆಲೆ ಬಂತು. ಒಂದು ಎಚ್ಚರಿಕೆ: ಶಸ್ತ್ರಚಿಕಿತ್ಸೆಯಲ್ಲಿ ಕೆಳದವಡೆ ತಿರುಗುವ ಕೇಂದ್ರ ಕಾಂಡೈಲಿನೊಳಗೇ ಇರಬೇಕೆಂದಿಲ್ಲ. ಅದು 20 ಮಿ.ಮೀ. ಆಚೆಗಿದ್ದು, ದವಡೆ 0.067 ರೇಡಿಯನ್ ತಿರುಗಿದರೆ (75 ಮಿ.ಮೀ. ದೂರದಲ್ಲಿ 5 ಮಿ.ಮೀ. ಏರಿಕೆಗೆ ಬೇಕಾದಷ್ಟು) ದೋಷ 1.3 ಮಿ.ಮೀ. ಆಗುತ್ತದೆ. ಆಗ ಅಕ್ಷವನ್ನೂ ಲಘುವಾಗಿ ಕಾಣಲಾಗದು.

ವಕ್ರವಾದ ಮುಖಕ್ಕೆ ವಕ್ರವಾದ ಅಳತೆಗೋಲು

ಇಷ್ಟು ಹೊತ್ತು ಹಿಂದೆ-ಮುಂದೆ ಓರೆಯ ಮಾತಾಯಿತು. ಪಕ್ಕದಿಂದ ಪಕ್ಕಕ್ಕೆ ಓರೆಯಾದರೆ ನನ್ನ ದೃಷ್ಟಿಯಲ್ಲಿ ಇನ್ನೂ ಕೇಡು. ಮುಖಬಿಲ್ಲಿನ ಅನೇಕ ನಮೂನೆಗಳು ಕಿವಿರಂಧ್ರದೊಳಗೆ ತುದಿ ಇಟ್ಟು ನಿಲ್ಲುತ್ತವೆ. ಎರಡು ಕಿವಿಗಳೂ ಒಂದೇ ಎತ್ತರದಲ್ಲಿವೆ ಎಂಬುದು ಅದರ ಊಹೆ. ಆದರೆ ಮುಖದ ಒಂದು ಪಕ್ಕ ಹುಟ್ಟಿನಿಂದಲೇ ಕಡಿಮೆ ಬೆಳೆದವರಲ್ಲಿ ಆ ಪಕ್ಕದ ಕಿವಿಯೂ ಸ್ಥಾನ ತಪ್ಪಿರುವುದುಂಟು. ಶಸ್ತ್ರಚಿಕಿತ್ಸೆ ತೀರ ಅಗತ್ಯವಾಗುವವರು ಇಂಥವರೇ.

ಕಿವಿಗಳ ನಡುವೆ 130 ಮಿ.ಮೀ. ಇದ್ದು, ಒಂದು ಕಿವಿ 5 ಮಿ.ಮೀ. ಕೆಳಗಿದೆ ಎನ್ನಿ. ಓರೆ 0.038 ರೇಡಿಯನ್, ಎರಡು ಡಿಗ್ರಿಗಿಂತ ತುಸು ಹೆಚ್ಚು. ಎಡ-ಬಲ ದವಡೆಹಲ್ಲುಗಳ ನಡುವೆ 52 ಮಿ.ಮೀ. ಇದ್ದರೆ ಯಂತ್ರದಲ್ಲಿ ಒಂದು ಪಕ್ಕ ಇನ್ನೊಂದಕ್ಕಿಂತ 2 ಮಿ.ಮೀ. ಕೆಳಗೆ ಕಾಣುತ್ತದೆ. ರೋಗಿಯ ಹಲ್ಲುಸಾಲು ನೇರವಾಗಿದ್ದರೆ ಮಾದರಿ ವಾಲಿದೆ ಎನಿಸುತ್ತದೆ. ಹಲ್ಲುಸಾಲೂ ಕಿವಿಯಷ್ಟೇ ವಾಲಿದ್ದರೆ ಯಂತ್ರದಲ್ಲಿ ಮಾದರಿ ಸಪಾಟಾಗಿ ಕೂತು, ಯಾವ ದೋಷಕ್ಕಾಗಿ ರೋಗಿ ಬಂದಿದ್ದಾನೋ ಅದೇ ಮಾಯವಾಗುತ್ತದೆ! ಸೊಟ್ಟ ಗೋಡೆಗೆ ಒರಗಿಸಿ ಬಾಗಿಲ ಚೌಕಟ್ಟಿನ ಲಂಬ ನೋಡಿದ ಹಾಗೆ.

ಗಾರೆ ಕೆಲಸದವರು ಹಾಗೆ ಮಾಡುವುದಿಲ್ಲ. ತೂಗುಗುಂಡು ಬಿಡುತ್ತಾರೆ, ರಸಮಟ್ಟ ಇಡುತ್ತಾರೆ. ದವಡೆಯ ಯೋಜನೆಯಲ್ಲೂ ಇದೇ ಪರಿಹಾರ. ರೋಗಿ ನೆಟ್ಟಗೆ ಕೂತು ಅಥವಾ ನಿಂತು, ಎದುರಿನ ಕನ್ನಡಿಯಲ್ಲಿ ತನ್ನ ಕಣ್ಣುಗಳನ್ನೇ ನೋಡುತ್ತ ಸಹಜವಾಗಿ ತಲೆ ಹಿಡಿದಾಗ, ಮುಖಬಿಲ್ಲಿಗೆ ರಸಮಟ್ಟ ಜೋಡಿಸಿ ನಿಜವಾದ ಅಡ್ಡಸಮತಲವನ್ನು ದಾಖಲಿಸುವುದು. ಮೂಳೆಯ ಗುರುತುಗಳ ಬದಲು ಗುರುತ್ವವೇ ಆಧಾರ. ಫ್ರಾಂಕ್‌ಫರ್ಟ್ ಸಮತಲ ಬದುಕಿರುವವರಲ್ಲಿ ಒಬ್ಬೊಬ್ಬರಿಗೂ ಹಲವು ಡಿಗ್ರಿ ಬದಲಾಗುವುದರಿಂದ, ಆ ತೊಡಕೂ ಇದರಿಂದ ತಪ್ಪುತ್ತದೆ.

ಉಳಿದ ದೋಷಗಳ ಬಗ್ಗೆ ಎರಡು ಮಾತು ಸಾಕು. ಗಟ್ಟಿಯಾಗುವಾಗ ದಂತಗಾರೆ ಶೇಕಡಾ 0.2ರ ಆಸುಪಾಸಿನಲ್ಲಿ ಹಿಗ್ಗುತ್ತದೆ; 30 ಮಿ.ಮೀ. ದಪ್ಪಕ್ಕೆ ಅದು 0.06 ಮಿ.ಮೀ. ಮಾತ್ರ. ಮಾದರಿಯ ಮೇಲೆ ಪೆನ್ಸಿಲ್ ಗೆರೆ ಎಳೆದು ಸರಿತ ಅಳೆಯುವಾಗ ಗೆರೆಯ ದಪ್ಪವೇ ಅರ್ಧ ಮಿಲಿಮೀಟರ್ ನುಂಗಬಹುದು. ಅದಕ್ಕೇ ಸಮತಟ್ಟಾದ ವೇದಿಕೆಯ ಮೇಲೆ ಮಾದರಿಯನ್ನಿಟ್ಟು ಕ್ಯಾಲಿಪರ್ಸಿನಿಂದ ಹಲ್ಲಿನ ತುದಿಯ ಎತ್ತರವನ್ನೇ ಅಳೆಯುವ ಪದ್ಧತಿ ಬಂತು. ಇವು ಬಹುಪಾಲು ಯಾದೃಚ್ಛಿಕ ದೋಷಗಳು. ಅವುಗಳ ವರ್ಗಗಳನ್ನು ಕೂಡಿ ಮೂಲ ತೆಗೆಯುತ್ತೇವೆ, 0.3, 0.3, 0.4ರ ಮೂರು ದೋಷಗಳು ಸೇರಿ 1.0 ಆಗುವುದಿಲ್ಲ, 0.58 ಆಗುತ್ತವೆ. ಮುಖಬಿಲ್ಲಿನ ಓರೆ ಹಾಗಲ್ಲ. ಅದು ಕ್ರಮಬದ್ಧ ದೋಷ. ನೂರು ರೋಗಿಗಳಲ್ಲಿ ಸರಾಸರಿ ತೆಗೆದರೂ ಕರಗುವುದಿಲ್ಲ, ಬಹುತೇಕ ಎಲ್ಲರಲ್ಲೂ ಒಂದೇ ಕಡೆಗೆ ಎಳೆಯುತ್ತದೆ. ಗೊತ್ತಾದ ಮೇಲೆ ತಿದ್ದಲೂ ಸುಲಭ: ಕಣ್ಣಿನ ಸೂಚಿಯನ್ನು 7 ಮಿ.ಮೀ. ಕೆಳಗೆ ಇಟ್ಟರೆ ಸರಾಸರಿ ಓರೆ ಅಳಿಸಿಹೋಗುತ್ತದೆ. ವ್ಯಕ್ತಿಯಿಂದ ವ್ಯಕ್ತಿಗಿರುವ ಏರಿಳಿತ ಮಾತ್ರ ಉಳಿಯುತ್ತದೆ.

ಗಣಕದಲ್ಲಿ ಓರೆ ಇಲ್ಲವೇ?

ಈಗ ಅನೇಕ ಕಡೆ ಗಾರೆಯ ಮಾದರಿಯ ಬದಲು ಸಿ.ಟಿ. ಚಿತ್ರಗಳಿಂದ ಗಣಕದಲ್ಲೇ ಬುರುಡೆಯನ್ನು ಕಟ್ಟುತ್ತಾರೆ. ಲೋಹದ ತುಂಬುಗಳಿಂದ ಸಿ.ಟಿ.ಯಲ್ಲಿ ಹಲ್ಲು ಮಸುಕಾಗುವುದರಿಂದ ಹಲ್ಲನ್ನು ಮಾತ್ರ ಬೆಳಕಿನ ಸ್ಕ್ಯಾನರಿನಿಂದ ಬೇರೆಯಾಗಿ ದಾಖಲಿಸಿ ಮೇಲೆ ಹೊಂದಿಸುತ್ತಾರೆ. ತೆರೆಯ ಮೇಲೆ ಮೂಳೆ ಕೊಯ್ದು ಸರಿಸಿ, ಸ್ಪ್ಲಿಂಟನ್ನು ತ್ರಿವಿಮ ಮುದ್ರಕದಲ್ಲಿ ಪಡೆಯುತ್ತಾರೆ. ಕಾಂಡೈಲೂ ಹಲ್ಲೂ ಒಂದೇ ಚಿತ್ರದಲ್ಲಿ ಇರುವುದರಿಂದ ಮುಖಬಿಲ್ಲು ಬೇಕಿಲ್ಲ.

ಆದರೆ ಸಿ.ಟಿ. ಯಂತ್ರದಲ್ಲಿ ರೋಗಿ ಸಾಮಾನ್ಯವಾಗಿ ಅಂಗಾತ ಮಲಗಿರುತ್ತಾನೆ. ಅವನು ನಿಂತಾಗ ಯಾವುದು ಕೆಳಗೆ, ಯಾವುದು ಮುಂದೆ ಎಂಬುದು ಆ ಚಿತ್ರದಲ್ಲಿ ಎಲ್ಲೂ ಬರೆದಿರುವುದಿಲ್ಲ. "10 ಮಿ.ಮೀ. ಮುಂದಕ್ಕೆ" ಎಂದು ಕೀಲಿಮಣೆಯಲ್ಲಿ ಒತ್ತುವ ಮೊದಲು ತೆರೆಯ ಮೇಲಿನ ಬುರುಡೆಯನ್ನು ಯಾರಾದರೂ ನೆಟ್ಟಗೆ ನಿಲ್ಲಿಸಬೇಕು. ಅದನ್ನು ಫ್ರಾಂಕ್‌ಫರ್ಟ್ ಸಮತಲಕ್ಕೆ ಕಣ್ಣಳತೆಯಲ್ಲಿ ಹೊಂದಿಸಿದರೆ ಹಳೆಯ ಓರೆ ಹೊಸ ಬಾಗಿಲಿನಿಂದ ಒಳಬರುತ್ತದೆ. ಸೈನ್ 7 ಡಿಗ್ರಿಯ ಬೆಲೆ ಗಣಕದಲ್ಲೂ 0.122 ತಾನೆ! ಹಾಗಾಗಿ ಸಹಜ ಭಂಗಿಯಲ್ಲಿ ತೆಗೆದ ಛಾಯಾಚಿತ್ರ, ಮುಖದ ಮೇಲೆ ಲೇಸರ್ ಗೆರೆ, ಕಚ್ಚುಕವಲಿಗೆ ಸಿಕ್ಕಿಸಿದ ಪುಟ್ಟ ವಿದ್ಯುನ್ಮಾನ ಓರೆಮಾಪಕ ಮುಂತಾದವುಗಳಿಂದ ಗುರುತ್ವದ ದಿಕ್ಕನ್ನು ಗಣಕಕ್ಕೆ ತಿಳಿಸುತ್ತಾರೆ. ಒಬ್ಬನೇ ವ್ಯಕ್ತಿ ಬೇರೆ ಬೇರೆ ಸಲ ಕನ್ನಡಿಯ ಮುಂದೆ ನಿಂತಾಗ ತಲೆಯ ಭಂಗಿ ಸುಮಾರು 2 ಡಿಗ್ರಿಯೊಳಗೆ ಮರುಕಳಿಸುತ್ತದೆ. 10 ಮಿ.ಮೀ. ಚಲನೆಗೆ ಅದರ ಬೆಲೆ 0.35 ಮಿ.ಮೀ.